ಫ್ಯಾಮಿಲಿ ಎಸ್‌ಯುವಿಯ ತಕರಾರುಗಳು: ಪಾರ್ಟ್ ಬದಲಿಸುವ ಮುಂಚೆ ನೋಡಬೇಕಾದ್ದು

"ಮುಂದುಗಡೆಯಿಂದ ಏನೋ ಸದ್ದು ಬರ್ತಿದೆ, ಸ್ವಲ್ಪ ನೋಡಿ." ಗ್ಯಾರೇಜಿನಲ್ಲಿ ಮತ್ತೆ ಮತ್ತೆ ಕೇಳಿಬರುವ ದೂರು ಇದು. ಇಷ್ಟೇ ವಿವರದ ಮೇಲೆ ಕೆಲಸ ಶುರುವಾದರೆ ಅಂದಾಜಿನಲ್ಲಿ ಒಂದು ಪಾರ್ಟ್ ಬದಲಾಗುತ್ತದೆ, ಸದ್ದು ಹಾಗೇ ಉಳಿಯುತ್ತದೆ, ಆಮೇಲೆ ಇನ್ನೊಂದು ಪಾರ್ಟ್. ಅದೇ ದೂರನ್ನು "20 ಕಿ.ಮೀ. ವೇಗದಲ್ಲಿ ಎಡಗಡೆ ಚಕ್ರ ಸಣ್ಣ ಗುಂಡಿಗೆ ಇಳಿದಾಗ ಮಾತ್ರ ಕಟಕಟ ಅನ್ನುತ್ತೆ, ದೊಡ್ಡ ಹಂಪಿನಲ್ಲಿ ಇಲ್ಲ" ಎಂದು ಹೇಳಿ ನೋಡಿ. ಮೆಕ್ಯಾನಿಕ್ ಮೊದಲು ಸ್ಟೆಬಿಲೈಸರ್ ಲಿಂಕಿಗೇ (ಗಾಡಿ ವಾಲದಂತೆ ತಡೆಯುವ ಸರಳನ್ನು ಚಕ್ರದ ಕಡೆಗೆ ಜೋಡಿಸುವ ಸಣ್ಣ ಕಡ್ಡಿ) ಕೈ ಹಾಕುತ್ತಾರೆ.

ಹಾಗಾಗಿ ಯಾವ ತಕರಾರೇ ಇರಲಿ, ಮೊದಲು ಐದು ವಿಷಯ ಬರೆದಿಟ್ಟುಕೊಳ್ಳಿ: ಎಷ್ಟು ವೇಗದಲ್ಲಿ, ಬ್ರೇಕ್ ಒತ್ತಿದಾಗಲೋ ಬಿಟ್ಟಾಗಲೋ, ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ನೇರ ಹೋಗುವಾಗಲೋ ತಿರುವಿನಲ್ಲೋ, ಗಾಡಿ ಖಾಲಿ ಇದ್ದಾಗಲೋ ತುಂಬಿದಾಗಲೋ. ಮುಂದೆ ಹೇಳುವುದೆಲ್ಲ ಈ ಐದರ ಆಧಾರದ ಮೇಲೆಯೇ ನಿಂತಿದೆ.

ಇಲ್ಲಿ ಫ್ಯಾಮಿಲಿ ಎಸ್‌ಯುವಿ ಎಂದರೆ ಕ್ರಾಸ್‌ಓವರ್, ಕಾರಿನ ಮೈಕಟ್ಟಿನ ಮೇಲೆಯೇ ಎತ್ತರಿಸಿ ಕಟ್ಟಿದ ಗಾಡಿ. ತೂಕ ಹೆಚ್ಚು, ಎತ್ತರ ಹೆಚ್ಚು. ಆದರೆ ಬಹುಪಾಲು ದಿನ ಅದು ಓಡುವುದು ಶಾಲೆ, ಕಚೇರಿ, ಅಂಗಡಿ ಎಂದು ನಾಲ್ಕೈದು ಕಿ.ಮೀ. ಮಾತ್ರ. ಸಸ್ಪೆನ್ಷನ್ ಮತ್ತು ಬ್ರೇಕಿನ ದೂರುಗಳು ಹೆಚ್ಚಾಗಿ ತೂಕದಿಂದ ಬಂದರೆ, ಬ್ಯಾಟರಿ ಮತ್ತು ಎಂಜಿನ್ ದೂರುಗಳು ಈ ಚಿಕ್ಕ ಓಡಾಟದಿಂದ ಬರುತ್ತವೆ.

ಸ್ಟೀರಿಂಗ್ ಅದುರುವುದು

80ರಿಂದ 110 ಕಿ.ಮೀ. ವೇಗದಲ್ಲಿ ಮಾತ್ರ ಸ್ಟೀರಿಂಗ್ ಅದುರಿದರೆ ಮುಂದಿನ ಚಕ್ರಗಳ ಬ್ಯಾಲೆನ್ಸ್ ತಪ್ಪಿರಬಹುದು. ಅದೇ ನಡುಕ ಕೈಗಲ್ಲದೆ ಸೀಟಿಗೆ ಗೊತ್ತಾದರೆ ಹಿಂದಿನ ಚಕ್ರಗಳನ್ನು ನೋಡಿ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಅದುರಿ, ಕಾಲು ತೆಗೆದ ಕೂಡಲೇ ನಿಂತರೆ ಬ್ಯಾಲೆನ್ಸಿಂಗ್ ಮಾಡಿಸಿ ಪ್ರಯೋಜನವಿಲ್ಲ. ಒಳಗಿನ ಸಿವಿ ಜಾಯಿಂಟ್ (ಚಕ್ರ ತಿರುಗಿಸುವ ಶಾಫ್ಟಿನ ಬಾಗುವ ಕೀಲು) ಇಲ್ಲವೇ ಎಂಜಿನ್ ಮೌಂಟ್ (ಎಂಜಿನ್ ಕೂರುವ ರಬ್ಬರ್ ಆಸರೆ) ಸವೆದಿರುತ್ತದೆ.

ಬ್ಯಾಲೆನ್ಸಿಂಗಿಗೆ ಹೋಗುವ ಮುಂಚೆ ರಿಮ್ಮಿನ ಒಳಮೈ ನೋಡಿ. ಅಲ್ಲಿ ಒಣಗಿ ಅಂಟಿದ ಒಂದು ಹಿಡಿ ಕೆಸರು ಸಾಕು, ಚಕ್ರ ಕುಣಿಯಲು. ಟೈರಿನ ಬದಿಯಲ್ಲಿ ಉಬ್ಬು ಇದ್ದರೆ ಆ ಟೈರಿಗೆ ಬ್ಯಾಲೆನ್ಸಿಂಗ್ ಬೇಡ, ಟೈರನ್ನೇ ಬದಲಿಸಿ. ಒಳಗಿನ ನೂಲು ಹರಿದಿದೆ ಎಂದರ್ಥ. ಹೊರಗೆ ಕೊಂಡ ಅಲಾಯ್ ಚಕ್ರವಾದರೆ ಅದರ ನಡುವಿನ ತೂತು ಹಬ್ಬಿಗಿಂತ (ಚಕ್ರವನ್ನು ಕೂರಿಸುವ ನಡುಭಾಗ, hub) ದೊಡ್ಡದಿರಬಹುದು. ಸರಿಯಾದ ಸೆಂಟರಿಂಗ್ ರಿಂಗ್ ಹಾಕದಿದ್ದರೆ ಎಷ್ಟು ಸಲ ಬ್ಯಾಲೆನ್ಸ್ ಮಾಡಿಸಿದರೂ ನಡುಕ ಮರಳಿ ಬರುತ್ತದೆ.

ಬ್ರೇಕ್ ಒತ್ತಿದಾಗ ಮಾತ್ರ ಅದುರಿದರೆ ಅದು ಡಿಸ್ಕಿನ ಸಮಸ್ಯೆ. "ಡಿಸ್ಕ್ ಬೆಂಡಾಗಿದೆ" ಎನ್ನುತ್ತಾರೆ, ಆದರೆ ಡಿಸ್ಕ್ ನಿಜಕ್ಕೂ ಬಾಗಿರುವುದು ಅಪರೂಪ. ಹಬ್ಬಿನ ಮೇಲೆ ತುಕ್ಕು ಇದ್ದು ಡಿಸ್ಕ್ ಕೂದಲೆಳೆಯಷ್ಟು ಓರೆ ಕೂರುತ್ತದೆ. ಸುತ್ತುವಾಗ ಒಂದೇ ಜಾಗ ಪ್ಯಾಡಿಗೆ ಉಜ್ಜಿ ಉಜ್ಜಿ ಅಲ್ಲಿ ದಪ್ಪ ಕಡಿಮೆಯಾಗುತ್ತದೆ. ದಪ್ಪದಲ್ಲಿ 0.02 ಮಿ.ಮೀ. ವ್ಯತ್ಯಾಸ ಬಂದರೂ ಕಾಲಿಗೆ ಗೊತ್ತಾಗಬಹುದು. ತುಕ್ಕು ತೆಗೆಯದೆ ಹೊಸ ಡಿಸ್ಕ್ ಹಾಕಿದರೆ ಕೆಲವು ಸಾವಿರ ಕಿ.ಮೀ. ಕಳೆಯುವಷ್ಟರಲ್ಲಿ ಅದೇ ನಡುಕ ಮತ್ತೆ ಬರುವುದು ಈ ಕಾರಣಕ್ಕೇ. ಮಾಡಿಸಬೇಕಾದ ಕ್ರಮ ಹೀಗೆ:

1. ಡಿಸ್ಕ್ ಬಿಚ್ಚಿ ಹಬ್ಬಿನ ಮುಖವನ್ನು ವೈರ್ ಬ್ರಷ್‌ನಿಂದ ಲೋಹ ಹೊಳೆಯುವವರೆಗೆ ಉಜ್ಜಬೇಕು.
2. ಡಿಸ್ಕಿನ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಆರೇಳು ಕಡೆ ಅಳೆಯಬೇಕು. ಕನಿಷ್ಠ ದಪ್ಪ ಎಷ್ಟೆಂದು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚಾಗಿರುತ್ತದೆ.
3. ಕೂರಿಸಿದ ಮೇಲೆ ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಬೇಕು. ಓರೆ 0.05 ಮಿ.ಮೀ. ಒಳಗಿದ್ದರೆ ಒಳ್ಳೆಯದು.
4. ಚಕ್ರದ ನಟ್‌ಗಳನ್ನು ನಕ್ಷತ್ರದ ಕ್ರಮದಲ್ಲಿ, ಎದುರುಬದುರಾಗಿ, ಟಾರ್ಕ್ ರೆಂಚಿನಲ್ಲಿ ಬಿಗಿಯಬೇಕು. ಈ ವರ್ಗದ ಹೆಚ್ಚಿನ ಗಾಡಿಗಳಿಗೆ 100ರಿಂದ 140 ನ್ಯೂಟನ್ ಮೀಟರ್. ನಿಮ್ಮದಕ್ಕೆ ಎಷ್ಟೆಂದು ಮ್ಯಾನುಯಲ್‌ನಲ್ಲಿದೆ. ಗಾಳಿ ಗನ್ನಿನಲ್ಲಿ ಬೇಕಾಬಿಟ್ಟಿ ಬಿಗಿದರೆ ಹೊಸ ಡಿಸ್ಕೂ ಓರೆ ಕೂರುತ್ತದೆ. 50–100 ಕಿ.ಮೀ. ಓಡಿದ ಮೇಲೆ ಬಿಗಿತವನ್ನು ಇನ್ನೊಮ್ಮೆ ನೋಡಿ.
5. ಹೊಸ ಪ್ಯಾಡ್ ಮತ್ತು ಡಿಸ್ಕನ್ನು ಹದಗೊಳಿಸಬೇಕು. ಖಾಲಿ ರಸ್ತೆಯಲ್ಲಿ 60ರಿಂದ 20 ಕಿ.ಮೀ. ವೇಗಕ್ಕೆ ಎಂಟು–ಹತ್ತು ಸಲ ಮಧ್ಯಮ ಒತ್ತಡದಲ್ಲಿ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ಆಮೇಲೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ.

ಬ್ರೇಕಿನ ಕಿರಿಚಾಟ

ಬೆಳಿಗ್ಗೆ ಮೊದಲ ಒಂದೆರಡು ಬ್ರೇಕಿಗೆ ಗರಗರ ಬಂದು ನಿಂತರೆ ಅದು ರಾತ್ರಿಯ ತೇವಕ್ಕೆ ಹಿಡಿದ ತುಕ್ಕು, ತಲೆ ಕೆಡಿಸಿಕೊಳ್ಳಬೇಡಿ. ಬ್ರೇಕ್ ಒತ್ತದಿದ್ದರೂ ಕೀಚಲು ಸದ್ದು ಬರುತ್ತಾ, ಒತ್ತಿದಾಗ ನಿಂತರೆ ಅದು ಪ್ಯಾಡ್ ಸವೆದಿದೆ ಎಂದು ಹೇಳುವ ತಗಡಿನ ನಾಲಗೆಯ ಸದ್ದಿರಬಹುದು. ಪ್ಯಾಡಿನ ದಪ್ಪ 3 ಮಿ.ಮೀ.ಗೆ ಇಳಿದರೆ ಬದಲಿಸಿ. ಒಂದೇ ಚಕ್ರದಲ್ಲಿ ಒಳಗಿನ ಪ್ಯಾಡ್ ತೆಳ್ಳಗಾಗಿ ಹೊರಗಿನದು ದಪ್ಪಗಿದ್ದರೆ ಬರೀ ಪ್ಯಾಡ್ ಹಾಕಿ ಬರಬೇಡಿ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರಾಡಲು ಇರುವ ಸ್ಲೈಡ್ ಪಿನ್ ಸಿಕ್ಕಿಕೊಂಡಿದೆ. ಅದನ್ನು ಒರೆಸಿ ಬ್ರೇಕಿಗೆಂದೇ ಇರುವ ಸಿಲಿಕಾನ್ ಗ್ರೀಸ್ ಹಚ್ಚಬೇಕು. ಮಾಮೂಲಿ ಗ್ರೀಸಿನಿಂದ ರಬ್ಬರ್ ಊದಿ ಪಿನ್ ಮತ್ತೆ ಸಿಕ್ಕಿಕೊಳ್ಳುತ್ತದೆ.

ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರುವ ಗಾಡಿಯಲ್ಲಿ ಹಿಂದಿನ ಪ್ಯಾಡ್ ಬದಲಿಸುವವರಿಗೆ ಒಂದು ಎಚ್ಚರಿಕೆ: ಮೊದಲು ಸರ್ವಿಸ್ ಮೋಡಿಗೆ ಹಾಕಿ ಮೋಟರನ್ನು ಹಿಂದಕ್ಕೆ ತರಬೇಕು. ಹಾಗೆ ಮಾಡದೆ ಪಿಸ್ಟನ್ನನ್ನು ಕ್ಲಾಂಪ್ ಹಾಕಿ ಒತ್ತಿದರೆ ಮೋಟರಿನ ಒಳಗಿನ ಸ್ಕ್ರೂ ಹಾಳಾಗಿ ಕ್ಯಾಲಿಪರನ್ನೇ ಬದಲಿಸಬೇಕಾಗುತ್ತದೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಾಟ್ 4 ಆಯಿಲಿನ ಕುದಿಬಿಂದು ಹೊಸತರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್. ತೇವ ಹೀರಿಕೊಂಡ ಮೇಲೆ ಅದಕ್ಕೆ ನಿಗದಿಯಾದ ಕನಿಷ್ಠ ಮಟ್ಟವೇ 155 ಡಿಗ್ರಿ. ಗಾಡಿ ತುಂಬಾ ಜನ ಕೂತು ಘಟ್ಟ ಇಳಿಯುವಾಗ ಪೆಡಲ್ ಮೆತ್ತಗಾಗುವುದು ಆಯಿಲ್ ಹೀಗೆ ಬೇಗ ಕುದಿಯುವುದರಿಂದ.

ಕೆಳಗಿನಿಂದ ಬರುವ ಸದ್ದುಗಳು

ಸಣ್ಣ ಸಣ್ಣ ಉಬ್ಬುತಗ್ಗಿನಲ್ಲಿ ಕಟಕಟ ಎಂದರೆ ಮೊದಲ ಸಂಶಯ ಸ್ಟೆಬಿಲೈಸರ್ ಲಿಂಕ್. ಅಗ್ಗದ ಪಾರ್ಟ್, ಬೇಗ ಸವೆಯುವ ಪಾರ್ಟ್. ಚಕ್ರಗಳು ನೆಲದ ಮೇಲಿರುವಾಗಲೇ ಲಿಂಕ್ ಹಿಡಿದು ಜೋರಾಗಿ ಅಲುಗಾಡಿಸಿ. ಜ್ಯಾಕ್ ಹಾಕಿ ಒಂದೇ ಚಕ್ರ ಎತ್ತಿದರೆ ಲಿಂಕಿನ ಮೇಲೆ ಎಳೆತ ಬಿದ್ದು ಸಡಿಲ ಇದ್ದರೂ ಗೊತ್ತಾಗುವುದಿಲ್ಲ. ಖಚಿತವಾಗಬೇಕಿದ್ದರೆ ಮೆಕ್ಯಾನಿಕ್ ಎರಡೂ ಬದಿಯ ಲಿಂಕ್ ಬಿಚ್ಚಿ, ತುದಿಗಳನ್ನು ಕಟ್ಟಿ, ಅದೇ ರಸ್ತೆಯಲ್ಲಿ ನಿಧಾನವಾಗಿ ಓಡಿಸಲಿ. ಸದ್ದು ನಿಂತರೆ ಉತ್ತರ ಸಿಕ್ಕಿತು.

ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಸ್ಪ್ರಿಂಗ್ ಹಾರಿದಂತೆ "ಟಣ್" ಎಂದರೆ ಸ್ಟ್ರಟ್ಟಿನ (ಸ್ಪ್ರಿಂಗ್ ಸುತ್ತಿದ ಶಾಕ್ ಅಬ್ಸಾರ್ಬರ್) ಮೇಲ್ತುದಿಯ ಬೇರಿಂಗ್. ರಿವರ್ಸಿನಿಂದ ಮುಂದಕ್ಕೆ ಹೊರಟಾಗ ಒಂದೇ ಒಂದು "ಧಡ್" ಬಂದರೆ ಲೋಯರ್ ಆರ್ಮಿನ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಹಿಂದಿನ ರಬ್ಬರ್ ಬುಷ್ ಅಥವಾ ಎಂಜಿನ್ ಮೌಂಟ್. ಪೂರ್ತಿ ತಿರುಗಿಸಿ ಹೊರಡುವಾಗ ಟಕಟಕ ಎಂದರೆ ಹೊರಗಿನ ಸಿವಿ ಜಾಯಿಂಟ್. ರಬ್ಬರ್ ಬೂಟ್ ಹರಿದು ರಿಮ್ಮಿನ ಒಳಗೆಲ್ಲ ಗ್ರೀಸ್ ಸಿಡಿದಿದೆಯೇ ನೋಡಿ.

ಹೊಸ ಬುಷ್ ಆರೇ ತಿಂಗಳಲ್ಲಿ ಹರಿಯಿತು ಎನ್ನುವವರು ಪಾರ್ಟನ್ನು ಬೈಯುತ್ತಾರೆ. ಬಹಳ ಸಲ ತಪ್ಪು ಕೂರಿಸಿದ ರೀತಿಯಲ್ಲಿರುತ್ತದೆ. ಆರ್ಮಿನ ಬೋಲ್ಟುಗಳ ಕೊನೆಯ ಬಿಗಿತವನ್ನು ಗಾಡಿಯ ಭಾರ ಚಕ್ರದ ಮೇಲೆ ಬಿದ್ದಿರುವಾಗಲೇ ಕೊಡಬೇಕು. ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗ ಬಿಗಿದರೆ, ಕೆಳಗಿಳಿಸಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡು ಕೂರುತ್ತದೆ. ಕೆಲಸ ಮುಗಿಯುವ ಮುಂಚೆ ಇದನ್ನೊಂದು ಕೇಳಿಬಿಡಿ.

ವೇಗದ ಜೊತೆ ಏರುವ "ಗುಂಯ್" ಸದ್ದಿಗೆ ಎರಡು ಕಾರಣ: ಬೇರಿಂಗ್ ಅಥವಾ ಟೈರ್. 60 ಕಿ.ಮೀ. ವೇಗದಲ್ಲಿ ಸುರಕ್ಷಿತ ಜಾಗದಲ್ಲಿ ಮೆಲ್ಲಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ. ಎಡಕ್ಕೆ ತಿರುಗಿದಾಗ ಭಾರ ಬಲಕ್ಕೆ ಬೀಳುತ್ತದೆ, ಆಗ ಸದ್ದು ಹೆಚ್ಚಿದರೆ ಬಲಗಡೆಯ ಬೇರಿಂಗ್ ಅನುಮಾನಾಸ್ಪದ. ಏನೂ ಬದಲಾಗದಿದ್ದರೆ ಟೈರಿನ ಮೇಲೆ ಅಂಗೈ ಸವರಿ. ಗರಗಸದ ಹಲ್ಲಿನಂತೆ ಏರಿಳಿತ ಸಿಕ್ಕರೆ ಟೈರೇ ಕಾರಣ. ಮುಂದಿನದನ್ನು ಹಿಂದಕ್ಕೆ ಹಾಕಿ ನೋಡಿ, ಸದ್ದೂ ಹಿಂದಕ್ಕೆ ಹೋಗುತ್ತದೆ.

ಆಲ್ ವೀಲ್ ಡ್ರೈವ್ ಇದ್ದರೆ ಒಂದೇ ಟೈರ್ ಬದಲಿಸುವುದು ಅಪಾಯದ ಉಳಿತಾಯ. ಸುತ್ತಳತೆ ಹೆಚ್ಚುಕಡಿಮೆಯಾದರೆ ಮುಂದಿನ ಮತ್ತು ಹಿಂದಿನ ಚಕ್ರಗಳನ್ನು ಜೋಡಿಸುವ ನಡುವಿನ ಕಪ್ಲಿಂಗ್ ಸದಾ ಜಾರುತ್ತಾ ಬಿಸಿಯಾಗುತ್ತದೆ. ಸುಬಾರು ಕಂಪನಿ ನಾಲ್ಕು ಟೈರುಗಳ ಸುತ್ತಳತೆಯಲ್ಲಿ ವ್ಯತ್ಯಾಸ ಸುಮಾರು 6 ಮಿ.ಮೀ. ಮೀರಬಾರದು ಎನ್ನುತ್ತದೆ. 10,000 ಕಿ.ಮೀ.ಗೊಮ್ಮೆ ಟೈರ್ ಅದಲುಬದಲು ಮಾಡಿದರೆ ನಾಲ್ಕೂ ಒಟ್ಟಿಗೆ ಸವೆಯುತ್ತವೆ.

ಎರಡು ದಿನ ನಿಲ್ಲಿಸಿದರೆ ಸ್ಟಾರ್ಟ್ ಆಗುವುದಿಲ್ಲ

ಬ್ಯಾಟರಿ ಬದಲಿಸುವ ಮುಂಚೆ ಅಳೆಯಿರಿ. ಒಂದು ಮಲ್ಟಿಮೀಟರ್ ಸಾಕು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2 ಎಂದರೆ ಸರಿಸುಮಾರು ಅರ್ಧ, 12ಕ್ಕಿಂತ ಕೆಳಗೆ ಎಂದರೆ ಹೆಚ್ಚುಕಡಿಮೆ ಖಾಲಿ. ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗೆ ಕುಸಿಯಬಾರದು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.7. ಹೊಸ ಗಾಡಿಗಳಲ್ಲಿ ಆಲ್ಟರ್ನೇಟರನ್ನು ಕಂಪ್ಯೂಟರ್ ನಿಯಂತ್ರಿಸುವುದರಿಂದ ಕೆಲವೊಮ್ಮೆ 12.8ಕ್ಕೆ ಇಳಿದು ಕಂಡರೆ ಕೆಟ್ಟಿದೆ ಎಂದುಕೊಳ್ಳಬೇಡಿ. ಹೆಡ್‌ಲೈಟ್, ಬ್ಲೋವರ್ ಹಾಕಿ ಮತ್ತೆ ಅಳೆಯಿರಿ.

ಬ್ಯಾಟರಿ ಚೆನ್ನಾಗಿದ್ದೂ ಖಾಲಿಯಾಗುತ್ತಿದ್ದರೆ ಯಾವುದೋ ಕದ್ದು ಕುಡಿಯುತ್ತಿದೆ. ಡ್ಯಾಶ್‌ಕ್ಯಾಮ್, ಓಬಿಡಿ ಸಾಕೆಟ್ಟಿಗೆ (ಗ್ಯಾರೇಜಿನವರು ಸ್ಕ್ಯಾನರ್ ಚುಚ್ಚುವ ಜಾಗ) ಚುಚ್ಚಿಟ್ಟ ಸಾಧನ, ಪೂರ್ತಿ ಮುಚ್ಚಿಕೊಳ್ಳದ ಡಿಕ್ಕಿ ಬಾಗಿಲು, ಈ ಮೂರನ್ನು ಮೊದಲು ನೋಡಿ. ಆಮೇಲೆ ಪರೀಕ್ಷೆ: ಬಾನೆಟ್ ತೆರೆದು ಅದರ ಲಾಕಿನ ನಾಲಗೆಯನ್ನು ಸ್ಕ್ರೂಡ್ರೈವರಿನಲ್ಲಿ ಒತ್ತಿ ಮುಚ್ಚಿದಂತೆ ಮಾಡಿ. ಕೀಲಿಯನ್ನು ದೂರ ಇಟ್ಟು ಗಾಡಿ ಲಾಕ್ ಮಾಡಿ 45 ನಿಮಿಷ ಬಿಡಿ. ಗಾಡಿಯ ಕಂಪ್ಯೂಟರುಗಳು ಮಲಗಲು ಅಷ್ಟು ಹೊತ್ತು ಬೇಕು. ಈಗ ನೆಗೆಟಿವ್ ತಂತಿಯ ಮೂಲಕ ಹರಿಯುವ ಕರೆಂಟ್ 50 ಮಿಲಿ ಆಂಪಿಯರ್ ಒಳಗಿರಬೇಕು. 300 ಮಿಲಿ ಆಂಪಿಯರ್ ಹರಿಯುತ್ತಿದ್ದರೆ 60 ಆಂಪಿಯರ್ ಅವರ್ ಬ್ಯಾಟರಿ 100 ಗಂಟೆಯಲ್ಲಿ, ಅಂದರೆ ನಾಲ್ಕೇ ದಿನದಲ್ಲಿ ಅರ್ಧವಾಗುತ್ತದೆ. ಕರೆಂಟ್ ಹರಿಯುವ ದಾರಿಯಲ್ಲೇ ಮೀಟರ್ ಸೇರಿಸಿರುವಾಗ ಗಾಡಿ ಸ್ಟಾರ್ಟ್ ಮಾಡಲೇಬೇಡಿ. ಯಾವ ಸರ್ಕ್ಯೂಟ್ ಎಂದು ಹುಡುಕಲು ಫ್ಯೂಸ್ ಕೀಳುತ್ತಾ ಹೋದರೆ ಮಲಗಿದ ಕಂಪ್ಯೂಟರುಗಳು ಎಚ್ಚರಗೊಂಡು ಲೆಕ್ಕ ತಪ್ಪುತ್ತದೆ; ಅದರ ಬದಲು ಪ್ರತಿ ಫ್ಯೂಸಿನ ನೆತ್ತಿಯ ಎರಡು ಚುಕ್ಕಿಗಳ ನಡುವೆ ಮಿಲಿವೋಲ್ಟ್ ಅಳೆಯಿರಿ. ಸೊನ್ನೆಯಲ್ಲದ್ದು ಕಂಡ ಕಡೆ ಕರೆಂಟ್ ಹರಿಯುತ್ತಿದೆ.

ನಿಂತಾಗ ಎಂಜಿನ್ ತಾನೇ ಆಫ್ ಆಗುವ ಸೌಲಭ್ಯ ಕೆಲಸ ಮಾಡುತ್ತಿಲ್ಲ ಎಂಬ ದೂರೂ ಇಲ್ಲಿಗೇ ಬಂದು ಸೇರುತ್ತದೆ. ಬ್ಯಾಟರಿ ಚಾರ್ಜ್ ಸಾಲದಿದ್ದರೆ ಆ ಸೌಲಭ್ಯ ತಾನಾಗಿ ಕೆಲಸ ನಿಲ್ಲಿಸುತ್ತದೆ. ಅಂಥ ಗಾಡಿಗೆ ಪದೇ ಪದೇ ಸ್ಟಾರ್ಟ್ ಆಗುವುದನ್ನು ತಾಳುವ ಇಎಫ್‌ಬಿ ಅಥವಾ ಎಜಿಎಂ ಬಗೆಯ ಬ್ಯಾಟರಿಯೇ ಬೇಕು, ಸಾಮಾನ್ಯ ಬ್ಯಾಟರಿ ಹಾಕಿದರೆ ಬೇಗ ಸಾಯುತ್ತದೆ. ಕೆಲವು ಗಾಡಿಗಳಲ್ಲಿ ಹೊಸ ಬ್ಯಾಟರಿಯನ್ನು ಸ್ಕ್ಯಾನರ್ ಮೂಲಕ ದಾಖಲಿಸಬೇಕು. ನೆಗೆಟಿವ್ ಟರ್ಮಿನಲ್ಲಿನ ಮೇಲೆ ಸೆನ್ಸರ್ ಇದ್ದರೆ ಚಾರ್ಜರಿನ ಕಪ್ಪು ಕ್ಲಿಪ್ಪನ್ನು ಅಲ್ಲಿಗೆ ಹಾಕದೆ ಗಾಡಿಯ ಮೈಯ ಲೋಹಕ್ಕೆ ಹಾಕಿ. ಇಲ್ಲದಿದ್ದರೆ ತುಂಬಿದ ಚಾರ್ಜ್ ಗಾಡಿಯ ಲೆಕ್ಕಕ್ಕೆ ಸಿಗುವುದಿಲ್ಲ.

ಒಳಗೆ ನೀರು

ಕಾರ್ಪೆಟ್ ಒದ್ದೆಯಾದರೆ ಮೊದಲು ಅದು ಯಾವ ನೀರು ಎಂದು ಗುರುತಿಸಿ. ಎಸಿ ಹಾಕಿದ ದಿನ ಮಾತ್ರ, ಮುಂದೆ ಕಾಲಿಡುವ ಜಾಗದಲ್ಲಿ, ವಾಸನೆಯಿಲ್ಲದ ತಿಳಿನೀರು ಕಂಡರೆ ಎಸಿಯ ಡ್ರೈನ್ ಪೈಪ್ ಕಟ್ಟಿದೆ. ಸಿಹಿ ವಾಸನೆ, ಬೆರಳಿಗೆ ಜಿಗುಟು, ಮುಂದಿನ ಗಾಜಿನ ಮೇಲೆ ಮಂಜು ಇದ್ದರೆ ಅದು ಎಂಜಿನ್ ತಣಿಸುವ ಕೂಲಂಟ್, ಅದು ಹರಿಯುವ ಹೀಟರ್ ಕೋರ್ ಸೋರುತ್ತಿದೆ. ಮಳೆ ಬಂದ ಮೇಲೆ ಮಾತ್ರ ಒದ್ದೆಯಾದರೆ ಸನ್‌ರೂಫ್ ಕಡೆ ನೋಡಿ.

ಸನ್‌ರೂಫ್ ನೀರನ್ನು ಪೂರ್ತಿ ತಡೆಯುವ ಹಾಗೆ ಕಟ್ಟಿದ್ದೇ ಅಲ್ಲ. ರಬ್ಬರ್ ದಾಟಿ ಬಂದ ನೀರು ಸುತ್ತಲಿನ ಕಾಲುವೆಗೆ ಬಿದ್ದು, ಮೂಲೆಗಳ ಕೊಳವೆಗಳಲ್ಲಿ ಇಳಿದು ಗಾಡಿಯ ಕೆಳಗೆ ಹೋಗಬೇಕು. ಎಲೆ, ಧೂಳು ಕಟ್ಟಿದರೆ ಆ ನೀರು ಒಳಗೇ ಚೆಲ್ಲುತ್ತದೆ. ರಬ್ಬರಿಗೆ ಅಂಟು ಬಳಿದು ಇದನ್ನು ಸರಿಮಾಡಲು ಆಗುವುದಿಲ್ಲ.

ಸನ್‌ರೂಫ್ ತೆರೆದು ಕಾಲುವೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಒಂದೊಂದು ಮೂಲೆಗೂ ಸುಮಾರು 200 ಮಿ.ಲೀ. ನೀರನ್ನು ನಿಧಾನವಾಗಿ ಬಿಡಿ. ಕೆಲವೇ ಸೆಕೆಂಡಿನಲ್ಲಿ ಮುಂದಿನ ಬಾಗಿಲಿನ ಕೀಲಿನ ಹತ್ತಿರವೋ ಹಿಂದಿನ ಬಂಪರಿನ ಕೆಳಗೋ ನೀರು ಬೀಳಬೇಕು. ಬೀಳದ ಮೂಲೆಗೆ ಹುಲ್ಲು ಕತ್ತರಿಸುವ ಯಂತ್ರದ 2 ಮಿ.ಮೀ. ನೈಲಾನ್ ದಾರವನ್ನು, ತುದಿಯನ್ನು ಕರಗಿಸಿ ದುಂಡಗೆ ಮಾಡಿ, ಮೆಲ್ಲಗೆ ತೂರಿಸಿ. ಕಂಪ್ರೆಸರಿನ ಗಾಳಿ ಹೊಡೆಸಬೇಡಿ: ಕೊಳವೆ ಮೇಲ್ತುದಿಯಲ್ಲಿ ಕಳಚಿಕೊಂಡರೆ ಅಲ್ಲಿಂದ ಮುಂದೆ ನೀರೆಲ್ಲ ಛಾವಣಿಯ ಬಟ್ಟೆಗೇ ಇಳಿಯುತ್ತದೆ.

ಸೋರಿಕೆ ನಿಂತ ಮೇಲೂ ಕಾರ್ಪೆಟ್ ಎತ್ತಿಸಿ ಒಣಗಿಸಿ. ಅಡಿಯ ಫೋಮ್ ವಾರಗಟ್ಟಲೆ ನೀರು ಹಿಡಿದಿರುತ್ತದೆ, ಅದರ ಪಕ್ಕದಲ್ಲೇ ವೈರಿಂಗಿನ ಕನೆಕ್ಟರುಗಳಿರುತ್ತವೆ. ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಏರ್‌ಬ್ಯಾಗಿನದು, ಬ್ಯಾಟರಿ ಸಂಪರ್ಕ ತೆಗೆಯದೆ ಅದನ್ನು ಮುಟ್ಟಬಾರದು.

ಎಸಿ ತಣ್ಣಗಾಗುತ್ತಿಲ್ಲ ಎಂದರೆ ಗ್ಯಾಸ್ ತುಂಬಿಸಲು ಓಡಬೇಡಿ. ಗಾಳಿಯ ರಭಸವೇ ಕಡಿಮೆಯಿದ್ದರೆ ಕ್ಯಾಬಿನ್ ಫಿಲ್ಟರ್ ನೋಡಿ, ಗ್ಲವ್ ಬಾಕ್ಸಿನ ಹಿಂದೆ ಐದು ನಿಮಿಷದ ಕೆಲಸ. ಓಡುವಾಗ ತಣ್ಣಗಿದ್ದು ನಿಂತಾಗ ಬಿಸಿಯಾದರೆ ಕಂಡೆನ್ಸರಿನ ಧೂಳು ಅಥವಾ ಫ್ಯಾನ್. ಬ್ಲೋವರ್ ಕೊನೆಯ ವೇಗದಲ್ಲಿ ಮಾತ್ರ ಓಡಿದರೆ ಅದರ ವೇಗ ತಗ್ಗಿಸುವ ರೆಸಿಸ್ಟರ್ ಕೆಟ್ಟಿದೆ. ಗ್ಯಾಸ್ ನಿಜಕ್ಕೂ ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ, ಸೋರಿಕೆ ಹುಡುಕದೆ ತುಂಬಿಸಿದ ಗ್ಯಾಸ್ ಮತ್ತೆ ಹೋಗುತ್ತದೆ.

ಚಿಕ್ಕ ಓಡಾಟ, ಎಂಜಿನ್‌ಗೆ ಹೊಡೆತ

ಟರ್ಬೊ ಪೆಟ್ರೋಲ್ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ಬಿಸಿಯಾಗುವ ಮುಂಚೆಯೇ ನಿಲ್ಲುತ್ತಿದ್ದರೆ, ಸುಡದ ಪೆಟ್ರೋಲ್ ಸಿಲಿಂಡರಿನ ಗೋಡೆಯಿಂದ ಜಾರಿ ಎಂಜಿನ್ ಆಯಿಲಿಗೆ ಸೇರುತ್ತದೆ. ಹೋಂಡಾದ 1.5 ಲೀಟರ್ ಟರ್ಬೊ ಇರುವ ಸಿಆರ್‌-ವಿಯಲ್ಲಿ ಚಳಿ ಪ್ರದೇಶದ ಮಾಲೀಕರು ಇದನ್ನು ದೂರಿದ್ದರು. 2018ರಲ್ಲಿ ಚೀನಾದಲ್ಲಿ ಅದರ ಮಾರಾಟವೇ ಕೆಲಕಾಲ ನಿಂತಿತ್ತು. ಗುರುತು ಸುಲಭ: ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಇಳಿಯುವ ಬದಲು ಏರುತ್ತದೆ, ಮೂಸಿದರೆ ಪೆಟ್ರೋಲ್ ವಾಸನೆ. ಸಮತಟ್ಟು ನೆಲದಲ್ಲಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷದ ಮೇಲೆ ನೋಡಿ. ಮೇಲಿನ ಗೆರೆ ದಾಟಿದ್ದರೆ ಆಯಿಲ್ ಬದಲಿಸಿ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಬಿಡದೆ ಓಡಿಸಿ, ಮತ್ತು ಮ್ಯಾನುಯಲ್ ಕಠಿಣ ಬಳಕೆಗೆ ಹೇಳಿರುವ ಅವಧಿಯನ್ನು ಪಾಲಿಸಿ. ಶಾಲೆಗೆ ಹೋಗಿಬರುವ ಗಾಡಿಯ ಬಳಕೆಯೂ ಕಠಿಣ ಬಳಕೆಯೇ. ಕಂಪನಿ ಹೇಳಿದ ದರ್ಜೆಯ ಆಯಿಲ್ ಹಾಕಿ. ಚಿಕ್ಕ ಟರ್ಬೊ ಎಂಜಿನ್ನುಗಳನ್ನು ಕಾಡುವ, ಕಡಿಮೆ ವೇಗದಲ್ಲಿ ಮುಂಚಿತವಾಗಿ ಹೊತ್ತಿಕೊಳ್ಳುವ ತೊಂದರೆಯನ್ನು ತಡೆಯುವ ಪರೀಕ್ಷೆ 2020ರಲ್ಲಿ ಬಂದ, ಆಯಿಲ್ ಡಬ್ಬದ ಮೇಲೆ ಕಾಣುವ ಎಪಿಐ ಎಸ್‌ಪಿ ದರ್ಜೆಯಲ್ಲಿದೆ.

ಡೀಸೆಲ್ ಗಾಡಿಯಲ್ಲಿ ಇದೇ ಓಡಾಟ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕಟ್ಟಿಸುತ್ತದೆ. ಮಸಿ ಸುಡಲು ಫಿಲ್ಟರ್ 550–650 ಡಿಗ್ರಿಗೆ ಬಿಸಿಯಾಗಬೇಕು, ನಾಲ್ಕು ಕಿ.ಮೀ. ಓಟದಲ್ಲಿ ಅದು ಆಗದ ಮಾತು. ಡಿಪಿಎಫ್ ಲೈಟ್ ಸ್ಥಿರವಾಗಿ ಹೊತ್ತಿದ್ದರೆ 60 ಕಿ.ಮೀ. ಮೀರಿದ ವೇಗದಲ್ಲಿ, 2,000 ಆರ್‌ಪಿಎಂ ಮೇಲಿಟ್ಟು 15–20 ನಿಮಿಷ ಓಡಿಸಿ, ಲೈಟ್ ಆರುವವರೆಗೆ ನಿಲ್ಲಿಸಬೇಡಿ. ಲೈಟ್ ಮಿಟುಕುತ್ತಾ ಪಿಕಪ್ ಕುಸಿದಿದ್ದರೆ ಈ ಉಪಾಯ ಬೇಡ, ಸ್ಕ್ಯಾನ್ ಮಾಡಿಸಿ. ಹೊಸ ಫಿಲ್ಟರ್ ಬೇಕು ಎಂದರೆ ಒತ್ತಡದ ಸೆನ್ಸರಿಗೆ ಹೋಗುವ ಸಣ್ಣ ಪೈಪುಗಳು ಬಿರಿದಿವೆಯೇ ಎಂದು ಮೊದಲು ನೋಡಿಸಿ.

ಚೆಕ್ ಎಂಜಿನ್ ಲೈಟ್ ಸ್ಥಿರವಾಗಿದ್ದು, ಬೇರೆ ಎಚ್ಚರಿಕೆ ದೀಪ ಇಲ್ಲದೆ ಗಾಡಿ ಮಾಮೂಲಿಯಾಗಿ ಓಡುತ್ತಿದ್ದರೆ ಗ್ಯಾರೇಜಿನವರೆಗೆ ಹೋಗಬಹುದು. ಮಿಟುಕಿದರೆ ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ: ಕಾಲು ಸಡಿಲಿಸಿ, ಬದಿಗೆ ನಿಲ್ಲಿಸಿ. ಸುಡದ ಪೆಟ್ರೋಲ್ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಹಾಕುತ್ತದೆ. ಸ್ಕ್ಯಾನರಿನಲ್ಲಿ ಕೋಡ್ ಪಿ0302 ಬಂದರೆ ಎರಡನೇ ಸಿಲಿಂಡರ್; ಅದರ ಕಾಯಿಲನ್ನು (ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಭಾಗ) ಮೂರನೆಯದರ ಜೊತೆ ಅದಲುಬದಲು ಮಾಡಿ ಓಡಿಸಿ. ಕೋಡ್ ಪಿ0303 ಆದರೆ ಕಾಯಿಲ್ ಕೆಟ್ಟಿದೆ, ಹಾಗೇ ಉಳಿದರೆ ಪ್ಲಗ್ ಅಥವಾ ಇಂಜೆಕ್ಟರ್. ಪೆಟ್ರೋಲ್ ಆವಿ ಸೋರುತ್ತಿದೆ ಎನ್ನುವ ಪಿ0455 ಬಂದರೆ ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿಯಾಗಿದೆಯೇ ನೋಡಿ.

ಗೇರ್‌ಬಾಕ್ಸ್

ಸಿವಿಟಿಯಲ್ಲಿ (ಹಲ್ಲಿನ ಗೇರುಗಳ ಬದಲು ಬೆಲ್ಟಿನಿಂದ ನಡೆಯುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಆಕ್ಸಿಲರೇಟರನ್ನು ಜೋರಾಗಿ ಒತ್ತಿದಾಗ ಎಂಜಿನ್ ಒಂದೇ ಶ್ರುತಿಯಲ್ಲಿ ಕೂಗುವುದು ಅದರ ಸ್ವಭಾವ, ದೋಷವಲ್ಲ. 20–40 ಕಿ.ಮೀ. ವೇಗದಲ್ಲಿ ಗಡಗಡ ನಡುಗಿದರೆ ಆಯಿಲ್ ನೋಡಿಸಿ. ಹೋಂಡಾಗೆ ಎಚ್‌ಸಿಎಫ್-2, ನಿಸ್ಸಾನ್‌ಗೆ ಎನ್‌ಎಸ್-3 ಎಂಬಂತೆ ಒಂದೊಂದಕ್ಕೂ ಅದರದ್ದೇ ಆಯಿಲ್. "ಎಲ್ಲಕ್ಕೂ ಆಗುತ್ತದೆ" ಎಂಬುದನ್ನು ಹಾಕಿಸಬೇಡಿ. ಬೆಲ್ಟಿನ ಹಿಡಿತ ಆ ಆಯಿಲಿನ ಗುಣದ ಮೇಲೇ ನಿಂತಿದೆ.

ಒಣ ಕ್ಲಚ್ಚಿನ ಡಿಸಿಟಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಇದ್ದರೆ ಟ್ರಾಫಿಕ್ಕಿನಲ್ಲಿ ಇಂಚಿಂಚು ತೆವಳಬೇಡಿ. ತೆವಳುವಾಗ ಕ್ಲಚ್ ಅರ್ಧ ಹಿಡಿದು ಜಾರುತ್ತಿರುತ್ತದೆ, ಬಿಸಿಯಾಗಿ ನಡುಕ ಶುರುವಾಗುತ್ತದೆ. ಮುಂದೆ ಎರಡು ಗಾಡಿಯಷ್ಟು ಜಾಗ ಆಗಲಿ, ಆಮೇಲೆ ಪೂರ್ತಿ ಹೊರಡಿ. ಏರಿನಲ್ಲಿ ಆಕ್ಸಿಲರೇಟರಿನಿಂದ ಹಿಡಿದು ನಿಲ್ಲಿಸದೆ ಬ್ರೇಕ್ ಬಳಸಿ. ಬಿಸಿಯ ಎಚ್ಚರಿಕೆ ಬಂದರೆ ಸುರಕ್ಷಿತ ಜಾಗದಲ್ಲಿ ಪಾರ್ಕಿಗೆ ಹಾಕಿ, ಎಂಜಿನ್ ಓಡುತ್ತಿರಲಿ, ಎಚ್ಚರಿಕೆ ಹೋಗುವವರೆಗೆ ಕಾಯಿರಿ.

ಉಳಿದ ಚಿಲ್ಲರೆ ತಕರಾರುಗಳು

ಸ್ಕ್ರೀನ್ ಗರಬಡಿದರೆ ಪವರ್ ಬಟನ್ ಹತ್ತು–ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಫೋನ್ ಕನೆಕ್ಟ್ ಆಗಿ ಕಡಿತವಾಗುತ್ತಿದ್ದರೆ ಮೊದಲು ಕೇಬಲ್ ಬದಲಿಸಿ, ಆಮೇಲೆ ಗಾಡಿ ಮತ್ತು ಫೋನ್ ಎರಡರಿಂದಲೂ ಜೋಡಣೆ ಅಳಿಸಿ ಹೊಸದಾಗಿ ಸೇರಿಸಿ. ಕೀಲಿಯನ್ನು ಗಾಡಿ ಗುರುತಿಸದಿದ್ದರೆ ಕೀಲಿಯನ್ನೇ ಸ್ಟಾರ್ಟ್ ಬಟನ್ನಿಗೆ ತಾಗಿಸಿ ಒತ್ತಿ. ಹೆಚ್ಚಿನ ಗಾಡಿಗಳಲ್ಲಿ ಸ್ಟಾರ್ಟ್ ಆಗುತ್ತದೆ, ಆಮೇಲೆ ಸೆಲ್ ಬದಲಿಸಿ. ಮುಂದಿನ ಗಾಜು ಬದಲಿಸಿದ ಮೇಲೆ ಲೇನ್ ಎಚ್ಚರಿಕೆ, ತುರ್ತು ಬ್ರೇಕ್ ಕೈಕೊಟ್ಟರೆ ಗಾಜಿನ ಹಿಂದಿನ ಕ್ಯಾಮೆರಾವನ್ನು ಹೊಸದಾಗಿ ಕ್ಯಾಲಿಬ್ರೇಟ್ ಮಾಡಿಸಬೇಕು. ಇದನ್ನು ಗಾಜು ಹಾಕಿಸುವಾಗಲೇ ಕೇಳಿ, ಮುಂದೂಡಬೇಡಿ.

ಹಿಂದಿನಿಂದ ಬರುವ ಗಿರಿಗಿರಿ ಸದ್ದಿಗೆ ಡಿಕ್ಕಿಯನ್ನು ಪೂರ್ತಿ ಖಾಲಿ ಮಾಡಿ, ಸ್ಟೆಪ್ನಿಯ ಬಿಗಿತ ನೋಡಿ ಓಡಿಸಿ. ನಿಲ್ಲದಿದ್ದರೆ ಹಿಂದಿನ ಸೀಟನ್ನು ಮಡಚಿ ಓಡಿಸಿ; ಈಗ ನಿಂತರೆ ಸೀಟಿನ ಕೊಂಡಿಗೆ ಬಟ್ಟೆಯ ಟೇಪ್ ಒಂದು ಸುತ್ತು ಸಾಕು. ಅದೂ ಅಲ್ಲದಿದ್ದರೆ ಡಿಕ್ಕಿ ಬಾಗಿಲಿನ ಎರಡು ಬದಿಯ ರಬ್ಬರ್ ಗುಂಡಿಗಳನ್ನು ಅರ್ಧ ಸುತ್ತು ಹೊರಕ್ಕೆ ತಿರುಗಿಸಿ, ಬಾಗಿಲಿನ ಸುತ್ತಲಿನ ರಬ್ಬರಿಗೆ ಸಿಲಿಕಾನ್ ಗ್ರೀಸ್ ತೆಳುವಾಗಿ ಸವರಿ. ಬಾಗಿಲು ಮುಚ್ಚಲು ಹೆಚ್ಚು ಬಲ ಬೇಕಾದರೆ ಗುಂಡಿಯನ್ನು ಕಾಲು ಸುತ್ತು ಹಿಂದಕ್ಕೆ ತನ್ನಿ.